ಬರೇ ಎರಡು



2024ರ ಜೂನ್ 20ರ ಸಂಜೆ ಬಾಗಲಕೋಟೆಯ ನವನಗರದ ಚಹಾದಂಗಡಿಯೊಂದರಲ್ಲಿ ಕೂತಿದ್ದೆ. ಕ್ರಿಕೆಟಿಗ ಡೇವಿಡ್ ಜಾನ್ಸನ್ ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ‘ಯಾರ್ರೀ ಇಂವಾ?’ ಎಂದು ಕಾಲೇಜಿನ ಹುಡುಗನೊಬ್ಬ ಕೇಳಿದ. ಪಕ್ಕದಲ್ಲಿದ್ದ ಹಿರಿಯರು, ‘ನಮ್ಮ ಕರ್ನಾಟಕದಾಂವಪಾ. ಬರೇ ಎರಡು ಟೆಸ್ಟ್ ಆಡ್ಯಾನ’ ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ‘ಬರೇ’ ಅನ್ನುವ ಮಾತು ನನ್ನ ಹಿಂದೆಯೇ ಮನೆಯವರೆಗೆ ಬಂತು.

ನಮ್ಮ ಮಾತಿನಲ್ಲಿ ‘ಬರೇ’ ಅಂದರೆ ಇಷ್ಟೇ ಎಂದರ್ಥ. ಖಾಲಿ ಎಂದೂ ಅರ್ಥ. ಬರಿಗೈ, ಬರಿಗಾಲು, ಬರಿಹೊಟ್ಟೆ ಅನ್ನುತ್ತೇವಲ್ಲ. ಎರಡರ ಹಿಂದೆ ಅದನ್ನು ಹಚ್ಚಿದ ಕೂಡಲೇ ಆ ಎರಡೂ ಬರಿದಾಗುತ್ತವೆ.

ಬರಿದಾಗಿದ್ದವೇ ಅವು? ಜಾನ್ಸನ್ 1971ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿದವರು. 1995-96ರ ರಣಜಿಯಲ್ಲಿ ಕೇರಳದ ಎದುರು 152 ರನ್ ಕೊಟ್ಟು 10 ವಿಕೆಟ್ ಕಿತ್ತರು. 1996ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ಆಸ್ಟ್ರೇಲಿಯಾದ ಎದುರು ಟೆಸ್ಟ್ ಇತ್ತು. ಜಾವಗಲ್ ಶ್ರೀನಾಥ್ ಗಾಯಗೊಂಡಿದ್ದರು. ಆ ಜಾಗಕ್ಕೆ ಕರೆ ಬಂದದ್ದು ಜಾನ್ಸನ್‌ಗೆ. ಎರಡನೇ ಇನ್ನಿಂಗ್ಸಿನಲ್ಲಿ ಮೈಕೆಲ್ ಸ್ಲೇಟರ್ ಒಂದು ರನ್ನೂ ಹೊಡೆಯದೆ ಹೊರನಡೆದರು. ಚೆಂಡು ಜಾನ್ಸನ್‌ರದು, ಸ್ಲಿಪ್ಪಿನಲ್ಲಿ ಕೈಚಾಚಿ ಹಿಡಿದವರು ಅಜರುದ್ದೀನ್. ಬಾರ್ಡರ್-ಗಾವಸ್ಕರ್ ಟ್ರೋಫಿಗಾಗಿ ನಡೆದ ಮೊಟ್ಟಮೊದಲ ಪಂದ್ಯ ಅದು, ಭಾರತ ಗೆದ್ದಿತು.

ಲೆಕ್ಕದಲ್ಲಿ ಸಣ್ಣದಾದದ್ದು ಬರಿದಲ್ಲ ಅನ್ನುವ ಮಾತು ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತು ನೋಡಿದವರಿಗೆ ಬೇಗ ತಿಳಿದೀತು. ಅಲ್ಲಿ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ಕೆಂಪು ರೇಷ್ಮೆಯದು. ಒಂದರ ಎಳೆಯ ಕುಣಿಕೆಗೆ ಇನ್ನೊಂದರ ಎಳೆಯ ಕುಣಿಕೆ ತೊಡಿಸಿ, ಒಂದೂ ತಪ್ಪದ ಹಾಗೆ ಎರಡನ್ನೂ ಕೂಡಿಸುತ್ತಾರೆ. ಟೋಪ ತೆನಿ ಎಂದು ಕರೆಯುವ ಆ ಸೆರಗಿನ ಹೆಸರು ನಿಂತಿರುವುದೇ ಈ ಕೂಡಿಕೆಯ ಮೇಲೆ. ಅಂಗಡಿಗೆ ಬಂದವರು ಆರು ಗಜವೋ ಎಂಟು ಗಜವೋ ಎಂದು ಕೇಳುತ್ತಾರೆ. ಕೂಡಿಕೆ ಯಾವ ಗಜದ ಲೆಕ್ಕಕ್ಕೂ ಬರುವುದಿಲ್ಲ. ದಿಲ್ಲಿಯಲ್ಲಿ ಶ್ರೀನಾಥ್ ಇಲ್ಲದ ಆ ನಾಲ್ಕು ದಿನ ಜಾನ್ಸನ್ ಮಾಡಿದ್ದು ಇದೇ ಕೆಲಸ.

ಅಮೆರಿಕದ ಬೇಸ್‌ಬಾಲಿನಲ್ಲಿ ಈ ಕೆಲಸಕ್ಕೆಂದೇ ಒಬ್ಬ ಆಟಗಾರನಿರುತ್ತಾನೆ. ಮೊದಲ ಎಸೆತಗಾರನ ತೋಳು ಸೋತಾಗ ನಡುವೆ ಬಂದು ಚೆಂಡು ಎಸೆಯುವವನು. ಅವನನ್ನು ರಿಲೀಫ್ ಪಿಚರ್ ಅನ್ನುತ್ತಾರೆ. ಕರೆ ಬರುವತನಕ ಕಾಯಬೇಕು, ಬಂದ ಕ್ಷಣಕ್ಕೆ ತೋಳು ಬೆಚ್ಚಗಿರಬೇಕು. ಉತ್ತರ ಪ್ರದೇಶದ ಹಳ್ಳಿಗಳಿಂದ ಬಂದು ಭರ್ಜಿ ಎಸೆಯುತ್ತಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಹುಡುಗರು 2008ರಲ್ಲಿ ಟಿವಿಯ ಒಂದು ಸ್ಪರ್ಧೆಯಿಂದ ಆಯ್ಕೆಯಾಗಿ ಅಮೆರಿಕಕ್ಕೆ ಹೋದರು. ಬೇಸ್‌ಬಾಲ್ ಎಂದರೇನೆಂದು ಮೊದಲು ಅವರಿಗೆ ಗೊತ್ತಿರಲಿಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರನ್ನು ಸೇರಿಸಿಕೊಂಡಿತು. 2009ರಲ್ಲಿ ಕೆಳಹಂತದ ಲೀಗಿನಲ್ಲಿ ಹೀಗೆ ನಡುವೆ ಬಂದು ಚೆಂಡೆಸೆದರು. ಮರುವರ್ಷದ ಕೊನೆಗೆ ದಿನೇಶರನ್ನು ತಂಡ ಕೈಬಿಟ್ಟಿತು. ಅವರು ಊರಿಗೆ ಮರಳಿದರು. ದಿನೇಶರದು ಎರಡು ಋತುಗಳ ಆಟ. ಆದರೆ ಅವರಿಬ್ಬರಿಗಿಂತ ಮೊದಲು ಭಾರತದಿಂದ ಹೋಗಿ ಆ ದಾರಿ ಹಿಡಿದವರಿರಲಿಲ್ಲ.

ಜಾನ್ಸನ್‌ರ ಎರಡನೇ ಟೆಸ್ಟ್ 1996ರ ಡಿಸೆಂಬರ್ 26ರಂದು ಡರ್ಬನ್ನಿನಲ್ಲಿ ಶುರುವಾಯಿತು. ಭಾರತ ಮೊದಲು 100, ಆಮೇಲೆ 66 ರನ್ನಿಗೆ ಉರುಳಿತು. ಹರ್ಷೆಲ್ ಗಿಬ್ಸ್, ಬ್ರಯಾನ್ ಮೆಕ್‌ಮಿಲನ್ ಇಬ್ಬರನ್ನೂ ಜಾನ್ಸನ್ ಔಟ್ ಮಾಡಿದರು. ಅಲ್ಲಿಗೆ ಮುಗಿಯಿತು, ಮತ್ತೆ ಕರೆ ಬರಲಿಲ್ಲ. ಬ್ಯಾಟಿಂಗೇ ಕುಸಿದು ಬಿದ್ದ ಅಂಥ ಪಂದ್ಯವೊಂದರ ಮೇಲೆ ಹೊಸ ಬೌಲರನ ಹಣೆಬರಹ ಬರೆಯುವುದು ನ್ಯಾಯವಲ್ಲ. ಇದನ್ನು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಮುಂದಿನ ಟೆಸ್ಟಿಗೆ ಇನ್ನೊಬ್ಬ ಕನ್ನಡಿಗ ದೊಡ್ಡ ಗಣೇಶ್ ಬಂದರು. ಅವರಿಗೆ ಸಿಕ್ಕದ್ದು ನಾಲ್ಕು ಟೆಸ್ಟ್, ಐದು ವಿಕೆಟ್. ಅವರು ಊರಿಗೆ ಬಂದು ಮತ್ತೆ ಕರ್ನಾಟಕಕ್ಕೆ ಬೆವರು ಸುರಿಸಿದರು. ಪ್ರಥಮ ದರ್ಜೆಯಲ್ಲಿ ಅವರ ಒಟ್ಟು ವಿಕೆಟ್ 365. ಜಾನ್ಸನ್ ಕೂಡ 39 ಪಂದ್ಯಗಳಲ್ಲಿ 125 ವಿಕೆಟ್ ಪಡೆದರು. ಕೊನೆಗಾಲದಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದರು. ತೀರಿಕೊಂಡಾಗ 52 ವರ್ಷ. ಚಹಾದಂಗಡಿಯ ಆ ಹುಡುಗ ಅವರ ಹೆಸರು ಕೇಳಿದ್ದು ಅಂದೇ ಮೊದಲು. ಬದುಕಿದ್ದಾಗ ಹೇಳಬೇಕಾಗಿದ್ದವರು ನಾವು.

ನಮ್ಮ ಸುತ್ತಲೂ ನೋಡಿ. ಬಾದಾಮಿಯಲ್ಲಿ, ಹುನಗುಂದದಲ್ಲಿ, ಇಳಕಲ್ಲಿನ ಓಣಿಗಳಲ್ಲಿ ಒಂದು ಕಾಲಕ್ಕೆ ಖೋ ಖೋ, ಕಬಡ್ಡಿ, ಕುಸ್ತಿ ಆಡಿ ಜಿಲ್ಲೆ ದಾಟಿ ಹೋದವರಿದ್ದಾರೆ. ಒಂದು ವರ್ಷ ಆಡಿದರು. ಆಮೇಲೆ ಮೊಣಕಾಲು ಕೈಕೊಟ್ಟಿತು, ಇಲ್ಲವೇ ಮನೆಯ ಭಾರ ಹೆಗಲಿಗೆ ಬಂತು. ಈಗ ಒಬ್ಬರು ಕಿರಾಣಿ ಅಂಗಡಿ ಇಟ್ಟಿದ್ದಾರೆ, ಒಬ್ಬರು ಮಗ್ಗಕ್ಕೆ ಕೂತಿದ್ದಾರೆ, ಒಬ್ಬರು ಬಸ್ಸು ಓಡಿಸುತ್ತಾರೆ. ಅವರ ಮಕ್ಕಳಿಗೂ ಆ ವರ್ಷದ ಸಂಗತಿ ಪೂರ್ತಿ ಗೊತ್ತಿಲ್ಲ.

ಈ ಸಲ ನಿಮ್ಮೂರ ಜಾತ್ರೆಗೆ ಪಂದ್ಯಾವಳಿ ಇಟ್ಟರೆ ಅಂಥವರೊಬ್ಬರ ಮನೆಗೆ ಹೋಗಿ ಕರೆಯಿರಿ. ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿ ಬಿಡಬೇಡಿ. ಅಂಗಳಕ್ಕೆ ಇಳಿಸಿ, ಹುಡುಗರಿಗೆ ಒಂದು ಪಟ್ಟು, ಒಂದು ಓಟ ಹೇಳಿಕೊಡಲು ಕೇಳಿಕೊಳ್ಳಿ. ಮೈಕಿನಲ್ಲಿ ಅವರ ಹೆಸರು ಹೇಳುವಾಗ ‘ಇವರು ರಾಜ್ಯಕ್ಕೆ ಎರಡು ಪಂದ್ಯ ಆಡಿದವರು’ ಎಂದು ಹೇಳಿ. ಆ ಎರಡರ ಹಿಂದೆ ಇನ್ನೊಂದು ಮಾತು ಹಚ್ಚಬೇಡಿ.