ಗಂಟು ಇಳಿಸಿದ ಕಡಲ ದಂಡೆ

ನಮ್ಮ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಕಲ್ಯಾಣಮಂಟಪಗಳಲ್ಲಿ ಮುಹೂರ್ತಕ್ಕೆ ಮುನ್ನ ಇಂದಿಗೂ ಒಂದು ಪುಟ್ಟ ಪ್ರಹಸನ ನಡೆಯುತ್ತದೆ. ಪಂಚೆಯುಟ್ಟ ವರ, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಊರುಗೋಲು ಹಿಡಿದು ಕಾಶಿಗೆ ಹೊರಟುನಿಲ್ಲುತ್ತಾನೆ. ಕನ್ಯೆಯ ಕಡೆಯವರು ಅಡ್ಡ ಬಂದು, ಕಾಶಿಯ ಮಾತು ಆಮೇಲೆ, ಮೊದಲು ನಮ್ಮ ಹುಡುಗಿಯ ಕೈಹಿಡಿಯಿರಿ ಎಂದು ಒಪ್ಪಿಸಿ ಹಿಂದಕ್ಕೆ ಕರೆತರುತ್ತಾರೆ. ನೆರೆದವರು ನಗುತ್ತಾರೆ. ಆದರೆ ಈ ಶಾಸ್ತ್ರವನ್ನು ಕಟ್ಟಿದ ಹಿರಿಯರು ಕೇವಲ ನಗೆಗಾಗಿ ಕಟ್ಟಿರಲಾರರು. ಪ್ರಾಯಕ್ಕೆ ಬಂದವನಿಗೆ ಹೊಸ್ತಿಲು ದಾಟಿ, ಹೊರಲಾಗುವಷ್ಟೇ ಸಾಮಾನಿನೊಡನೆ, ಯಾರ ಹಂಗೂ ಇಲ್ಲದೆ ಹೊರಟುಬಿಡಬೇಕೆಂಬ ಆಸೆ ಹುಟ್ಟುವುದುಂಟು. ಅದನ್ನು ಅವರು ಬಲ್ಲರು. ಬಲ್ಲವರಾದುದರಿಂದಲೇ ಹತ್ತು ಹೆಜ್ಜೆ ನಡೆಯಗೊಟ್ಟು ಹಿಂದಕ್ಕೆ ಕರೆದರು.

ಶ್ರೋತೃ ಮಿತ್ರರೇ, ಆ ಹತ್ತು ಹೆಜ್ಜೆ ಇಂದು 500 ಕಿಲೋಮೀಟರುಗಳಷ್ಟು ಬೆಳೆದಿದೆ. ಶುಕ್ರವಾರದ ರಾತ್ರಿ ಮೆಜೆಸ್ಟಿಕ್ಕಿನತ್ತ ಹೋಗಿ ನೋಡಿದರೆ, ಬೆನ್ನಿಗೆ ದೊಡ್ಡ ಚೀಲವನ್ನು ಬಿಗಿದುಕೊಂಡ ತರುಣ ತರುಣಿಯರು ಬಸ್ಸಿಗಾಗಿ ಕಾದು ನಿಂತಿರುವುದು ಕಾಣುತ್ತದೆ. ಅವರನ್ನು ತಡೆದು ಹಿಂದಕ್ಕೆ ಕರೆಯುವ ಮಾವಂದಿರಿಲ್ಲ. ಅವರಲ್ಲಿ ಬಹುಮಂದಿಯ ಗುರಿ ಗೋಕರ್ಣ. ಇಂಥವರನ್ನು ಲೋಕ ‘ಬ್ಯಾಕ್‌ಪ್ಯಾಕರ್’ ಎಂದು ಕರೆಯುತ್ತದೆ. ನಾನು ಬೆನ್ನುಚೀಲದ ಯಾತ್ರಿಕರೆನ್ನುತ್ತೇನೆ. ಹಗುರವಾದ ಹೊರೆ, ಅಲ್ಪವಾದ ವೆಚ್ಚ, ಧಾರಾಳವಾದ ಕಾಲ: ಈ ಮೂರು ಈ ಬಗೆಯ ಪ್ರವಾಸದ ಲಕ್ಷಣಗಳು. ಮೂರರಲ್ಲಿ ಕೊನೆಯದು ಲೋಪವಾದರೆ ಮೊದಲೆರಡಕ್ಕೂ ಅರ್ಥವುಳಿಯುವುದಿಲ್ಲವೆಂಬುದು ಇಂದಿನ ನನ್ನ ಮಾತಿನ ತಿರುಳು.

ಹೊರೆಯ ವಿಷಯ ಬಂದಾಗ ಗೋಕರ್ಣದ ಸ್ಥಳಪುರಾಣವನ್ನು ನೆನೆಯದಿರಲಾಗದು. ಆ ಕಡಲ ದಂಡೆಗೆ ಹೊರೆ ಹೊತ್ತು ಬಂದ ಮೊದಲ ಪ್ರವಾಸಿ ರಾವಣನೇ ಅಲ್ಲವೇ? ಕೈಲಾಸದಿಂದ ಆತ್ಮಲಿಂಗವನ್ನು ಪಡೆದು ಲಂಕೆಗೆ ಹೊರಟ ಅವನಿಗೆ ಇದ್ದ ನಿಬಂಧನೆ ಒಂದೇ: ದಾರಿಯಲ್ಲಿ ಎಲ್ಲಿಯೂ ಅದನ್ನು ನೆಲಕ್ಕಿಳಿಸಕೂಡದು. ಸಂಧ್ಯಾಕಾಲವಾಯಿತೆಂಬ ಭ್ರಮೆಯುಂಟಾಗಿ, ವಟುರೂಪದ ಗಣಪತಿಯ ಕೈಗೆ ಲಿಂಗವನ್ನಿತ್ತು ಅವನು ಅರ್ಘ್ಯಕ್ಕೆ ಹೋದ. ಹುಡುಗ ಮೂರು ಸಲ ಕೂಗಿ ನೆಲಕ್ಕಿಟ್ಟುಬಿಟ್ಟ. ಮತ್ತೆ ಎತ್ತಲು ದಶಕಂಠನ ಬಲವೂ ಸಾಲದಾಯಿತು. ಲಿಂಗ ತಿರುಚಿ ಗೋವಿನ ಕಿವಿಯಂತಾಯಿತು, ಅಲುಗಲಿಲ್ಲ. ಮಹಾಬಲನೆಂಬ ಹೆಸರು ದೇವರಿಗೆ ಬಂದದ್ದು ಹಾಗೆ. ಕ್ರೋಧದಿಂದ ರಾವಣನು ಕಿತ್ತೆಸೆದ ಕರಂಡಕ, ಮುಚ್ಚಳ, ವಸ್ತ್ರ, ದಾರಗಳು ಬಿದ್ದೆಡೆಗಳೇ ಸಜ್ಜೇಶ್ವರ, ಗುಣವಂತೇಶ್ವರ, ಮುರುಡೇಶ್ವರ, ಧಾರೇಶ್ವರಗಳೆಂಬ ಕ್ಷೇತ್ರಗಳಾದುವೆಂದು ಕರಾವಳಿಯ ಜನ ಹೇಳುತ್ತಾರೆ. ಹೊರೆಯನ್ನು ಸುತ್ತಿದ್ದ ಹೊದಿಕೆಯೂ ಪೂಜೆಗೊಂಡ ನಾಡು ಅದು.

ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿಯೂ ಗೋಕರ್ಣಕ್ಕೆ ಹೊರಟ ಒಬ್ಬ ಯಾತ್ರಿಕನಿದ್ದಾನೆ. ದಕ್ಷಿಣ ಸಮುದ್ರದ ದಡದಲ್ಲಿ ನೆಲೆಸಿದ ಗೋಕರ್ಣನಾಥನನ್ನು ವೀಣೆಯಿಂದ ಸೇವಿಸಲು ನಾರದರು ಆಕಾಶಮಾರ್ಗದಲ್ಲಿ ಹೋಗುತ್ತಿದ್ದರು. ಅವರ ವೀಣೆಯ ತುದಿಗೆ ಸುತ್ತಿದ್ದ ಹೂಮಾಲೆ ಗಾಳಿಗೆ ಜಾರಿತು. ಅದು ಕೆಳಗೆ ಉಪವನದಲ್ಲಿ ವಿಹರಿಸುತ್ತಿದ್ದ ಇಂದುಮತಿಯ ಎದೆಯ ಮೇಲೆ ಬಿದ್ದು ಆಕೆಯ ಪ್ರಾಣ ಹೋಯಿತು. ಅಜನ ವಿಲಾಪ ಅಲ್ಲಿಂದ ಮೊದಲಾಗುತ್ತದೆ. ತರಗತಿಯಲ್ಲಿ ಆ ಸರ್ಗದ ಮಾತು ಬಂದಾಗಲೆಲ್ಲ ನಾವು ಅಜನ ದುಃಖದ ಕಡೆಗೇ ವಾಲುತ್ತೇವೆ. ನಾರದರ ಕಡೆಯಿಂದಲೂ ಒಮ್ಮೆ ನೋಡಬೇಕು. ಅವರ ಉದ್ದೇಶ ನಿರ್ಮಲವಾಗಿತ್ತು, ಕೈಯಲ್ಲಿದ್ದುದು ಹೂವು. ಆದರೂ ದಾರಿಹೋಕನ ಸಾಮಾನಿನಿಂದ ಜಾರಿದ ಒಂದು ಮಾಲೆ, ಕೆಳಗಿದ್ದವರ ಸಂಸಾರವನ್ನು ಮುರಿಯಿತು. ಹಾದುಹೋಗುವವನ ಸಂತೋಷಕ್ಕೂ ಅಲ್ಲಿಯೇ ಬಾಳುವವನ ನೆಮ್ಮದಿಗೂ ನಡುವೆ ಇರುವ ಈ ಸಂಬಂಧವನ್ನು ಮಹಾಕವಿ ಎಷ್ಟು ಮೆಲ್ಲಗೆ ಸೂಚಿಸಿದ್ದಾನೆ!

ಗೋಕರ್ಣಕ್ಕೆ ಹೊರಗಿನವರು ಹೊಸಬರಲ್ಲ. ತಮಿಳು ಶೈವಸಂತರಾದ ಅಪ್ಪರ್ ಮತ್ತು ಸಂಬಂಧರ್ ತಮ್ಮ ತೇವಾರಗಳಲ್ಲಿ ಈ ಕ್ಷೇತ್ರವನ್ನು ಹಾಡಿದ್ದಾರೆ. ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಾಡನ್ನು ಪರಿವೀಕ್ಷಿಸಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಈ ಊರನ್ನು ಹಾದುಹೋದ. ಶಿವರಾತ್ರಿಗೆ ಬರುತ್ತಿದ್ದ ಸಾಮಾನ್ಯ ಯಾತ್ರಿಕರಂತೂ ಅಸಂಖ್ಯ. ಸಮುದ್ರಸ್ನಾನ, ಕೋಟಿತೀರ್ಥದ ಸ್ನಾನ, ಗಣಪತಿಯ ದರ್ಶನ, ಬಳಿಕ ಮಹಾಬಲೇಶ್ವರನ ದರ್ಶನ; ಇದು ಅವರ ಕ್ರಮ. ಅವರು ಇಳಿದುಕೊಳ್ಳುತ್ತಿದ್ದುದು ರಥಬೀದಿಯ ಸುತ್ತಲಿನ ಪುರೋಹಿತರ ಮನೆಗಳಲ್ಲಿ. ಅಲ್ಲಿಯ ಊಟ, ಅಲ್ಲಿಯ ಜಗಲಿಯ ಮೇಲೆ ನಿದ್ದೆ. ಹೊರಡುವ ಹೊತ್ತಿಗೆ ಅತಿಥಿಗೂ ಆತಿಥೇಯರಿಗೂ ಪರಸ್ಪರರ ಊರು, ಕುಲಗೋತ್ರ, ಮಕ್ಕಳ ಸಂಖ್ಯೆ ಎಲ್ಲವೂ ಬಾಯಿಪಾಠವಾಗಿರುತ್ತಿತ್ತು.

ಎರಡನೆಯ ಅಲೆ ಪಶ್ಚಿಮದಿಂದ ಬಂದಿತು. 1960ರ ದಶಕದ ಕೊನೆಯಿಂದ ಯುರೋಪಿನ ತರುಣರು ಇಸ್ತಾಂಬುಲ್, ತೆಹರಾನ್, ಕಾಬೂಲ್, ಲಾಹೋರುಗಳನ್ನು ಹಾದು ನೆಲಮಾರ್ಗದಿಂದಲೇ ದೆಹಲಿಯನ್ನು ಸೇರಿ, ಅಲ್ಲಿಂದ ಗೋವೆಯ ಕಡಲತೀರಗಳಿಗೆ ಇಳಿಯುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನದೊಳಕ್ಕೆ ಸೋವಿಯತ್ ಸೈನ್ಯದ ಪ್ರವೇಶ; ಆ ದಾರಿ ಮುಚ್ಚಿಹೋಯಿತು. ಬರುವವರು ವಿಮಾನದಲ್ಲಿ ಬರತೊಡಗಿದರು. ಗೋವೆಯಲ್ಲಿ ಗದ್ದಲ ಹೆಚ್ಚಿದಂತೆ ಮೌನವನ್ನು ಅರಸಿದವರು ಕಾಳಿ, ಗಂಗಾವಳಿ ನದಿಗಳನ್ನು ದಾಟಿ ದಕ್ಷಿಣಕ್ಕೆ ಸರಿದರು. ಹೀಗೆ ಕುಡ್ಲೆ ಮತ್ತು ಓಂಕಾರದ ಆಕಾರದಿಂದ ಹೆಸರು ಪಡೆದ ಓಂ ಕಡಲತೀರಗಳು ಪರದೇಶದ ನಕ್ಷೆಗಳಲ್ಲಿ ಸೇರಿದುವು.

ಎಂ.ಎ. ಮುಗಿಸಿದ ಹೊಸತರಲ್ಲಿ ನಾನು ಅಲ್ಲಿಗೆ ಮೊದಲ ಸಲ ಹೋದಾಗ, ಊರಿನ ದಕ್ಷಿಣದ ಗುಡ್ಡವನ್ನೇರಿ, ಕೆಂಪು ಮುರಕಲ್ಲಿನ ಬಯಲನ್ನು ಹಾದು ಕಾಲ್ನಡೆಯಲ್ಲಿಯೇ ಕುಡ್ಲೆಗೆ ಇಳಿದಿದ್ದೆ. ತೆಂಗಿನ ಗರಿ ಹೊದಿಸಿದ ಕೆಲವು ಗುಡಿಸಲುಗಳಿದ್ದುವು. ವಾರಗಟ್ಟಲೆ ಅಲ್ಲಿದ್ದ ವಿದೇಶೀಯನೊಬ್ಬ ಆತಿಥೇಯರ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತ, ಬಾವಿಯಿಂದ ನೀರು ಸೇದಿಕೊಡುತ್ತಿದ್ದ. ಅವನ ವೇಷ ನಮ್ಮ ಹಿರಿಯರಿಗೆ ರುಚಿಸುವಂಥದಲ್ಲ. ಆದರೆ ಅವನ ಬಳಿ ಕಾಲವಿತ್ತು.

1998ರಲ್ಲಿ, ಸುಮಾರು 740 ಕಿಲೋಮೀಟರುಗಳ ಕೊಂಕಣ ರೈಲುಮಾರ್ಗ ಪೂರ್ತಿಗೊಂಡಿತು. ಗೋಕರ್ಣಕ್ಕೂ ಒಂದು ನಿಲ್ದಾಣ ದೊರೆಯಿತು. ಬೆಂಗಳೂರು ಗಣಕಯಂತ್ರಗಳ ನಗರವಾಗಿ ಬೆಳೆದ ಕಾಲವೂ ಅದೇ. ಮೂರನೆಯ ಅಲೆ ನಮ್ಮಿಂದಲೇ ಹೊರಟಿತು. ಶುಕ್ರವಾರ ರಾತ್ರಿ ಹೊರಟು, ಶನಿವಾರ ಕಡಲನ್ನು ನೋಡಿ, ಭಾನುವಾರ ರಾತ್ರಿ ಹಿಂದಿರುಗುವ ಅಲೆ. ಗುಡಿಸಲುಗಳ ಜಾಗದಲ್ಲಿ ಕಾಂಕ್ರೀಟಿನ ಕಟ್ಟಡಗಳು ಎದ್ದುವು. ಗುಡ್ಡದ ನೆತ್ತಿಯವರೆಗೆ ವಾಹನಗಳು ಏರಿದುವು. ಬೆನ್ನುಚೀಲ ಉಳಿಯಿತು, ಅದರೊಳಗಿದ್ದ ಕಾಲ ಮಾತ್ರ ಸೋರಿಹೋಯಿತು.

ಈ ಪ್ರವಾಸಿಗರು ಗೋಕರ್ಣವನ್ನು ಹೊಗಳುವುದು ಒಂದೇ ಮಾತಿನಿಂದ: ಅಲ್ಲಿ ಎಲ್ಲವೂ ನಿಧಾನ, ಯಾರಿಗೂ ಅವಸರವಿಲ್ಲ. ಇದನ್ನು ಕೇಳಿದಾಗ ನನಗೆ ‘ಸಾವಧಾನ’ವೆಂಬ ಪದ ನೆನಪಾಗುತ್ತದೆ. ಸಂಸ್ಕೃತದಲ್ಲಿ ಅದು ಅವಧಾನದಿಂದ ಕೂಡಿದ್ದು, ಅಂದರೆ ಎಚ್ಚರವುಳ್ಳದ್ದು. ಮದುವೆಯ ಮುಹೂರ್ತದಲ್ಲಿ ಅಂತಃಪಟದ ಎರಡೂ ಕಡೆ ಪುರೋಹಿತರು ಆ ಪದವನ್ನು ಉಚ್ಚರಿಸುವುದು ಈ ಅರ್ಥದಲ್ಲಿಯೇ. ಕನ್ನಡದ ಬಾಯಲ್ಲಿ ಅದು ಕ್ರಮೇಣ ಮೆಲ್ಲಗೆ, ಅವಸರವಿಲ್ಲದೆ ಎಂಬ ಅರ್ಥವನ್ನೂ ಪಡೆಯಿತು. ಎಚ್ಚರವಾಗಿರುವವನು ಅವಸರಪಡಲಾರನೆಂಬ ಅನುಭವವೇ ಆ ಅರ್ಥಾಂತರಕ್ಕೆ ಕಾರಣವಿರಬೇಕು. ಗೋಕರ್ಣದವರ ನಿಧಾನ ಈ ಬಗೆಯದು. ಅದು ಆಲಸ್ಯವಲ್ಲ.

ಅಘನಾಶಿನಿಯ ಅಳಿವೆಯತ್ತ ಹೋಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಉಬ್ಬರದ ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ ಉಪ್ಪನ್ನು ಗೋರಿ ರಾಶಿಮಾಡುತ್ತಾರೆ. ಸೂರ್ಯನನ್ನು ಅವಸರಪಡಿಸಲಾಗದು, ಮಳೆಗೆ ಮುನ್ನ ಮುಗಿಸದಿದ್ದರೆ ಗತಿಯೂ ಇಲ್ಲ. ಗಜನಿ ಗದ್ದೆಗಳಲ್ಲಿ ಮಳೆಗಾಲದ ಸಿಹಿನೀರು ಉಪ್ಪನ್ನು ತಗ್ಗಿಸುವ ಹೊತ್ತನ್ನು ಕಾದು ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಉಪ್ಪುನೀರಿನ ಸೋಂಕನ್ನು ತಾಳಬಲ್ಲ ತಳಿ ಅದು. ಇಳಿತದ ವೇಳೆ ಹೆಂಗಸರು ಸೊಂಟದುದ್ದದ ನೀರಿನಲ್ಲಿ ನಿಂತು ಬಳಚು ಆಯುತ್ತಾರೆ. ಉಬ್ಬರ ಬಂದರೆ ಆ ದಿನದ ಕೆಲಸ ಮುಗಿಯಿತು. ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮಾನ್ಯತೆ ಪಡೆಯಿತು. ಇಲ್ಲಿಯ ಪ್ರತಿಯೊಂದು ಕಸುಬಿಗೂ ಗಡಿಯಾರವಿದೆ. ಆದರೆ ಅದರ ಮುಳ್ಳುಗಳನ್ನು ತಿರುಗಿಸುವವರು ಸೂರ್ಯ ಚಂದ್ರರು.

ಕೆಲವು ವರ್ಷಗಳ ಹಿಂದೆ ರಥಬೀದಿಯಲ್ಲಿ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗರ ವೃದ್ಧೆಯೊಬ್ಬಳು ಹರಿವೆ, ಬದನೆಗಳ ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ನಮ್ಮ ಕಡೆಯ ತರುಣನೊಬ್ಬ ಬೆನ್ನುಚೀಲದೊಡನೆ ನಿಂತು, ‘ಅಜ್ಜಿ, ನಿಮ್ಮೂರಲ್ಲಿ ಎಲ್ಲಾ ಎಷ್ಟು ಆರಾಮಾಗಿದೆ ಅಲ್ವಾ?’ ಎಂದ. ಆಕೆ ತಲೆಯೆತ್ತಿ, ‘ಆರಾಮು ನಿಂಗೆ, ತಮಾ. ನಾ ಕೋಳಿ ಕೂಗೂಕೆ ಮುಂಚೆ ಎದ್ದು ಕೊಡಪಾನದಲ್ಲಿ ನೀರು ಹೊತ್ತು ಹೊಯ್ದು ಬಂದವಳು. ಮಧ್ಯಾಹ್ನದೊಳಗೆ ಮಾರಿ ಹೋಗದಿದ್ರೆ ಇದೆಲ್ಲ ಬಾಡ್ತದೆ’ ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕ ಒಪ್ಪಿಸುವ ಸಮಾಧಾನವಿತ್ತು. ಹುಡುಗ ಕ್ಷಣಕಾಲ ಸುಮ್ಮನಿದ್ದು, ಬೆನ್ನಿನ ಚೀಲವನ್ನು ಇಳಿಸಿ ಪಕ್ಕದ ಜಗಲಿಯ ಮೇಲೆ ಕುಳಿತ. ಎಷ್ಟು ಕೊಡ ನೀರು, ಬಾವಿ ಎಷ್ಟು ದೂರ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳತೊಡಗಿದ. ನಾನು ದೇವಸ್ಥಾನಕ್ಕೆ ಹೋಗಿ ಬಂದಾಗಲೂ ಅವರ ಮಾತು ನಡೆದೇ ಇತ್ತು. ಅವನ ಪ್ರವಾಸ ಆ ಜಗಲಿಯ ಮೇಲೆ ಆರಂಭವಾಯಿತೆಂದು ನನಗನ್ನಿಸಿತು.

ಇನ್ನೊಂದು ಮಾತು. ನಾವು ಬಿಡುವಿಗಾಗಿ ಅಲ್ಲಿಗೆ ಹೋಗುತ್ತಿದ್ದರೆ, ಅಲ್ಲಿಯ ಮಕ್ಕಳು ಬದುಕಿಗಾಗಿ ಹೊರಕ್ಕೆ ಹೋಗಿದ್ದಾರೆ. ಗೋಕರ್ಣದ ಸಮೀಪದ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬಾಳಿ, ಕಥೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿದರು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಮುಂಬಯಿಯ ದಾರಿ ಹಿಡಿದವರೇ. ಅವರ ತಂದೆ ಗೌರೀಶ ಕಾಯ್ಕಿಣಿಯವರು ಮಾತ್ರ ಗೋಕರ್ಣದಲ್ಲಿ ಮಾಸ್ತರಿಕೆ ಮಾಡುತ್ತ, ಲೋಕದ ಸಾಹಿತ್ಯ, ತತ್ತ್ವಶಾಸ್ತ್ರಗಳನ್ನೆಲ್ಲ ತಮ್ಮ ಮನೆಗೇ ಬರಮಾಡಿಕೊಂಡವರು. 1912ರಿಂದ 2002ರವರೆಗಿನ ಆ ದೀರ್ಘ ಜೀವನದಲ್ಲಿ ಅವರು ಕೂತಲ್ಲಿಂದಲೇ ಸುತ್ತಿದ ದೇಶಗಳು, ಬೆನ್ನುಚೀಲದವರು ಸುತ್ತಿದ ದೇಶಗಳಿಗಿಂತ ಕಡಮೆಯೇನಲ್ಲ. ಕಡಲ ದಂಡೆಯ ಇಂಥ ಊರನ್ನು ವಿಶ್ರಾಂತಿಧಾಮವೆಂದಷ್ಟೇ ಕರೆದು ಮುಗಿಸುವುದು ಅದರ ಬುದ್ಧಿಗೂ ಶ್ರಮಕ್ಕೂ ಮಾಡುವ ಅಗೌರವ.

ಹಾಗೆಂದು ಹೋಗಬೇಡಿರೆಂದು ನಾನು ಯಾರಿಗೂ ಹೇಳಲಾರೆ. ಪ್ರವಾಸಿಗರಿಂದ ಅಲ್ಲಿ ಹಲವು ಮನೆಗಳ ಒಲೆ ಉರಿಯುತ್ತಿದೆ. ಮನೆಯಂಗಳದಲ್ಲಿಯೇ ನಾಲ್ಕು ಕಾಸು ಸಂಪಾದಿಸುವ ದಾರಿ ತೆರೆದಿದೆ. ಆದರೆ ಹೋಗುವವರಿಗೆ ಮೂರು ಮಾತು ಹೇಳಬಹುದು. ಕಡಲನ್ನು ಬಲ್ಲವರು ಇಳಿಯಬೇಡವೆಂದಾಗ ಇಳಿಯಬಾರದು. ಪ್ರತಿವರ್ಷವೂ ಆ ತೀರದಿಂದ ಬರುವ ಸಾವಿನ ಸುದ್ದಿಗಳಲ್ಲಿ ನಮ್ಮ ನಗರದ ಮಕ್ಕಳ ಹೆಸರುಗಳಿರುತ್ತವೆ. ಅವರನ್ನು ಹುಡುಕಲು ಅಲೆಗಿಳಿಯುವವರೂ ಯಾರದೋ ಮಕ್ಕಳೇ. ಎರಡನೆಯದಾಗಿ, ಚೀಲದಲ್ಲಿ ಹೊತ್ತು ತಂದ ಪ್ಲಾಸ್ಟಿಕ್ಕನ್ನು ಅದೇ ಚೀಲದಲ್ಲಿ ಹಿಂದಕ್ಕೆ ಒಯ್ಯಬೇಕು. ರಾವಣನ ಹೊದಿಕೆ ಬಿದ್ದಲ್ಲಿ ದೇವಾಲಯವೆದ್ದಿತು. ನಮ್ಮ ಹೊದಿಕೆ ಬಿದ್ದಲ್ಲಿ ಏಳುವುದೇನೆಂಬುದನ್ನು ಮೀನಿನ ಬಲೆ ಎಳೆಯುವವರನ್ನು ಕೇಳಬೇಕು. ಮೂರನೆಯದಾಗಿ, ಎರಡು ದಿನವಿದ್ದರೂ ಸರಿ, ತಂಗಿದ ಮನೆಯವರ ಹೆಸರನ್ನು ಕೇಳಿ ತಿಳಿದು ಬರಬೇಕು.

ಇದು ದೊಡ್ಡ ವ್ರತವೇನೂ ಅಲ್ಲ. ಜಗಲಿಯ ಮೇಲೆ ಮಲಗಿ ಎದ್ದ ನಮ್ಮ ಅಜ್ಜ ಅಜ್ಜಿಯರು ಯಾರೂ ಹೇಳಿಕೊಡದೆಯೇ ನಡೆಸಿಕೊಂಡು ಬಂದದ್ದು. ಚೀಲವನ್ನು ಹಗುರವಾಗಿ ಕಟ್ಟುವುದನ್ನು ಇಂದಿನ ಹುಡುಗರು ಚೆನ್ನಾಗಿ ಬಲ್ಲರು. ಅದನ್ನು ಎಲ್ಲಿ ಇಳಿಸಬೇಕು, ಇಳಿಸಿ ಯಾರೊಡನೆ ಕುಳಿತುಕೊಳ್ಳಬೇಕು ಎಂಬುದನ್ನೂ ಕಲಿತರೆ, ಆ ಊರು ಇನ್ನೂ ಬಹುಕಾಲ ಅತಿಥಿಗಳನ್ನು ಪ್ರೀತಿಯಿಂದ ಬರಮಾಡಿಕೊಳ್ಳುತ್ತದೆ.

(ಆಕಾಶವಾಣಿ ಭಾಷಣ)