ಕಟ್ಟುವ ಕಲಿಕೆಯೂ ಕಾಯಕವೇ
(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಪಿಯುಸಿ ಫಲಿತಾಂಶ ಬಂದರೆ ನಮ್ಮ ಮನೆಗಳಲ್ಲಿ ಎರಡೇ ಮಾತು: ಡಾಕ್ಟರೋ, ಎಂಜಿನಿಯರೋ. ಮಗಳು ಆರ್ಕಿಟೆಕ್ಚರ್ ಓದುತ್ತೇನೆ ಎಂದರೆ, ಮಗ ಗ್ರಾಫಿಕ್ ಡಿಸೈನ್ ಕಲಿಯುತ್ತೇನೆ ಎಂದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. "ಐದು ವರ್ಷ ಓದಿ ಗೌಂಡಿ ಕೆಲಸಾ ಮಾಡ್ತಾಳೇನ್ರಿ? ಬೋರ್ಡ್ ಬರಿಯಾಕ ಡಿಗ್ರಿ ಯಾಕ ಬೇಕ್ರಿ?" ಎಂದು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಖರ್ಚಿನ ಚಿಂತೆ ಇದೆ, ಒಪ್ಪೋಣ. ಅದರ ಅಡಿಯಲ್ಲಿ ಇನ್ನೊಂದು ಭಾವನೆಯೂ ಅಡಗಿದೆ: ಕೈಕೆಲಸ ಕೀಳು ಎಂಬುದು. ಬಟ್ಟೆ ನೇಯ್ದ ದಾಸಿಮಯ್ಯ, ಮಡಿ ಮಾಡಿದ ಮಾಚಯ್ಯ, ಬುಟ್ಟಿ ಹೆಣೆದ ಕೇತಯ್ಯ, ಹಗ್ಗ ಹೊಸೆದ ಚಂದಯ್ಯ ಇವರಿಗೆಲ್ಲ ಕೈಮುಗಿಯುವ ನಾವು, ನಮ್ಮ ಮಕ್ಕಳ ಕೈಗೆ ಮಾತ್ರ ಕೆಲಸ ಹತ್ತಬಾರದು ಎನ್ನುವುದು ಸರಿಯೇ?

ಈ ಕೋರ್ಸುಗಳಲ್ಲಿ ಏನಿದೆ ಎಂದು ಮೊದಲು ತಿಳಿಯೋಣ. ಬಿ.ಆರ್ಕ್ ಐದು ವರ್ಷದ ಓದು, ಹತ್ತು ಸೆಮಿಸ್ಟರು. ಪ್ರವೇಶಕ್ಕೆ 'ನಾಟಾ' ಪರೀಕ್ಷೆ ಉಂಟು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಪರಿಷತ್ತಿನಲ್ಲಿ ನೋಂದಣಿ ಆದವರಷ್ಟೇ ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳಬಹುದು. ಇದರಲ್ಲಿ ಪುಸ್ತಕದ ಪಾಠಕ್ಕಿಂತ ಸ್ಟುಡಿಯೋ ಕೆಲಸವೇ ದೊಡ್ಡದು: ನಕ್ಷೆ ಬರೆಯುವುದು, ಮಾದರಿ ಕಟ್ಟುವುದು, ಹಳೆಯ ಕಟ್ಟಡಕ್ಕೆ ಹೋಗಿ ಟೇಪು ಹಿಡಿದು ಅಳೆಯುವುದು. ದೃಶ್ಯಕಲಾ ಪದವಿಯ ಅನ್ವಯಿಕ ಕಲೆಯ ವಿದ್ಯಾರ್ಥಿ ಅಕ್ಷರ, ಬಣ್ಣ, ಪುಟದ ವಿನ್ಯಾಸಗಳನ್ನು ಕಲಿಯುತ್ತಾನೆ. ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರವನ್ನು ಕಟ್ಟಿ ಬೆಳೆಸಿದ ಗದಗಿಗೆ ಈ ವಿದ್ಯೆ ಹೊಸದೇನಲ್ಲ.

ಹಾಗೆ ಅಳೆಯಲು ನಮ್ಮ ಮಕ್ಕಳು ದೂರ ಹೋಗಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪ ಗುಡಿಯನ್ನು ಸುತ್ತಿ ಬನ್ನಿ. 12ನೆಯ ಶತಮಾನದ ಆ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ನಡುಬಿಂದು ಕದಲದಂತೆ 15 ಡಿಗ್ರಿ ತಿರುಗಿಸಬೇಕು, ಮತ್ತೆ 15 ತಿರುಗಿಸಬೇಕು. ಹೀಗೆ ಆರು ಚೌಕಗಳಾದರೆ 24 ಮೂಲೆಗಳು. ಗೂಟ ನೆಟ್ಟು ಹಗ್ಗದಿಂದ ವೃತ್ತ ಎಳೆದು, ಅದೇ ಹಗ್ಗದ ಅಳತೆಯಿಂದ 60 ಡಿಗ್ರಿ ಕೋನ ಪಡೆದು, ಅದನ್ನು ಎರಡು ಸಲ ಅರ್ಧ ಮಾಡಿದರೆ 15 ಸಿಗುತ್ತದೆ. ಹೈಸ್ಕೂಲು ಮಕ್ಕಳೂ ಅಂಗಳದಲ್ಲಿ ಇದನ್ನು ಎಳೆದು ನೋಡಬಹುದು. ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ ದೊಡ್ಡ ಗ್ರಂಥ ತಂದರು. ಬ್ರಿಟಿಷ್ ವಿದ್ವಾಂಸ ಆ್ಯಡಮ್ ಹಾರ್ಡಿ 1995ರಲ್ಲಿ ಕರ್ಣಾಟ ದ್ರಾವಿಡ ಪರಂಪರೆಯ ಮೇಲೆ ಬರೆದರು. ಪರದೇಶದವರು ಬಂದು ಓದಿದ ಪಾಠ ಇದು. ನಮ್ಮ ಮಕ್ಕಳು ಓದುವುದು ಯಾವಾಗ?

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಶಂಖ ಬಸದಿ, ಜುಮ್ಮಾ ಮಸೀದಿ ಮೂರೂ ಒಂದೇ ಊರಿನಲ್ಲಿವೆ. ಕಲ್ಲು ಮೂರು ಧರ್ಮಗಳಿಗೆ ಹೇಗೆ ಬಾಗಿತು ಎಂಬುದನ್ನು ಒಂದೇ ದಿನದಲ್ಲಿ ಹೋಲಿಸಿ ನೋಡಬಹುದು. ಶಿರಹಟ್ಟಿಯಲ್ಲಿ ಭಾವೈಕ್ಯಕ್ಕೆ ಹೆಸರಾದ ಫಕೀರೇಶ್ವರ ಮಠವಿದೆ. ಲಕ್ಕುಂಡಿಯ ಮುಸ್ಕಿನ ಬಾವಿಗೆ ಇಳಿದರೆ ನೀರು, ಮೆಟ್ಟಿಲು, ನೆರಳು ಮೂರರ ಲೆಕ್ಕವೂ ತಿಳಿಯುತ್ತದೆ. ಇವು ಹೆಸರುವಾಸಿಯಾದ ಕಟ್ಟಡಗಳು. ಯಾರೂ ಕಾಯದವು ನಮ್ಮ ಸುತ್ತಲೇ ಇವೆ: ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕಟ್ಟಿಗೆ ಕಂಬದ ಪಡಸಾಲೆ, ಮೇಲಿನ ಬೆಳಕಿಂಡಿ ಇರುವ ಹಳೆಯ ಮನೆಗಳು, ಮಠಗಳು. ಬೇಸಿಗೆಯಲ್ಲಿ ಫ್ಯಾನಿಲ್ಲದೆ ತಂಪಾಗಿರುವ ಕಟ್ಟಡ ಅದು. ಅದನ್ನು ಕೆಡವಿ ಆರ್‌ಸಿಸಿ ಸ್ಲ್ಯಾಬು ಹಾಕುತ್ತೇವೆ, ಆಮೇಲೆ ಸೆಖೆ ಎಂದು ಗೊಣಗುತ್ತೇವೆ. ಹೊಸದು ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಅಳೆಯದೆ ಕೆಡವಿದ ಕಟ್ಟಡ ಎರಡು ಸಲ ಸಾಯುತ್ತದೆ: ಒಮ್ಮೆ ನೆಲದ ಮೇಲೆ, ಒಮ್ಮೆ ನೆನಪಿನಲ್ಲಿ.

ಇನ್ನು ಅಕ್ಷರದ ಮಾತು. ಗದಗಿಗೆ ಮುದ್ರಣ ಕಾಶಿ ಎಂದು ಹೆಸರು. ಇಲ್ಲಿ ಅಚ್ಚುಮೊಳೆ ಜೋಡಿಸಿದ ಕೈಗಳು ನಾಡಿನ ಓದನ್ನು ಬೆಳೆಸಿವೆ. ಅಚ್ಚಿನ ಬೆಲೆ ಶರಣ ಸಮಾಜಕ್ಕೆ ಹೇಳಿಕೊಡಬೇಕಿಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ' ಹೊರತಂದರು, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು. ತಾಳೆಗರಿಯ ವಚನ ಮನೆ ಮನೆಗೆ ಬಂದದ್ದು ಆ ಮೊಳೆಗಳಿಂದ.

ಈಗ ನಮ್ಮ ಜಾತ್ರೆಯ ಫ್ಲೆಕ್ಸುಗಳನ್ನು ನೋಡಿ. 'ಲಕ್ಷ್ಮೇಶ್ವರ' ಎಂಬ ಒಂದೇ ಹೆಸರಿನಲ್ಲಿ ಕಕಾರಕ್ಕೆ ಎರಡು ಒತ್ತು, ಮೇಲೆ ಏತ್ವ, ಬದಿಗೆ ದೀರ್ಘ, ಮುಂದೆ ವಕಾರದ ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇದಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಹಳೆಯ ಫಾಂಟಿನ ಫೈಲು ಬೇರೆ ಕಂಪ್ಯೂಟರಿಗೆ ಹೋದರೆ 'ಧರ್ಮ'ದ ಅರ್ಕಾವತ್ತು ಕೂಡ ಕೆಡುತ್ತದೆ. ಇದನ್ನು ತಿದ್ದುವುದು ಕಲಿತ ಕಣ್ಣಿನ ಕೆಲಸ. ಕನ್ನಡ ಬಲ್ಲ ವಿನ್ಯಾಸಕರನ್ನು ನಾವು ಬೆಳೆಸದಿದ್ದರೆ ನಮ್ಮ ಲಿಪಿಗೆ ಇಂಗ್ಲಿಷಿನ ಅಂಗಿಯನ್ನೇ ತೊಡಿಸುತ್ತಾರೆ.

ಕಲೆಯಿಂದ ಹೊಟ್ಟೆ ತುಂಬುತ್ತದೆಯೇ ಎನ್ನುವವರು ಇದೇ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿದರು. ಜೋಳಿಗೆ ಹಿಡಿದು ಆ ಕೆಲಸ ನಡೆಸಿದರು. ಅಲ್ಲಿ ಕಿವಿ ಮತ್ತು ಕಂಠಕ್ಕೆ ಸಿಕ್ಕ ಗೌರವ ಇಲ್ಲಿ ಕಣ್ಣು ಮತ್ತು ಕೈಗೂ ಸಿಗಲಿ.

ಆದ್ದರಿಂದ ನಾಲ್ಕು ಬಿನ್ನಹ. ಒಂದು: ಹಳೆಯ ಕಟ್ಟಡ ಕೆಡವುವ ಮೊದಲು ವಿದ್ಯಾರ್ಥಿಗಳನ್ನು ಕರೆದು ಅಳತೆ ನಕ್ಷೆ, ಫೋಟೋ ಮಾಡಿಸಿ ಮಠದಲ್ಲಿ ಕಾಪಿಡಿ. ಎರಡು: ಜಾತ್ರೆಯ ಕರಪತ್ರ, ಗ್ರಂಥದ ಮುಖಪುಟಗಳನ್ನು ಕಲಿತ ಮಕ್ಕಳಿಂದ ಮಾಡಿಸಿ, ಸೇವೆ ಎಂದು ಪುಕ್ಕಟೆ ಕೇಳದೆ ಕೂಲಿ ಕೊಡಿ, ಕಾಯಕಕ್ಕೆ ಪ್ರತಿಫಲ ಉಂಟು. ಮೂರು: ಈ ಓದಿಗೆ ಕಾಗದ, ಬಣ್ಣ, ಲ್ಯಾಪ್‌ಟಾಪು, ಪ್ರವಾಸದ ಖರ್ಚು ಹೆಚ್ಚು, ದಾಸೋಹದ ಒಂದು ಪಾಲನ್ನು ಬಡ ಮಕ್ಕಳಿಗಾಗಿ ಅದಕ್ಕೂ ಎತ್ತಿಡಿ. ನಾಲ್ಕು: ಮನೆಯಲ್ಲಿ ಮಗಳು ಗೋಡೆಯ ಮೇಲೆ ಗೆರೆ ಎಳೆದರೆ ಗದರಿಸುವ ಮೊದಲು ಏನು ಬರೆದಿದ್ದಾಳೆ ನೋಡಿ.

ಡಂಬಳದಲ್ಲಿ ಆ ನಕ್ಷತ್ರ ಎಳೆದವನನ್ನೂ ಯಾರೋ ಒಬ್ಬರು ಹಗ್ಗ ಹಿಡಿಯಲು ಬಿಟ್ಟಿದ್ದರು. ನಮ್ಮ ಮಕ್ಕಳನ್ನೂ ಬಿಡೋಣ.