ಹಂಪನಕಟ್ಟೆಯೂ ಪ್ರವಾಸಿಗರೂ

ಮಂಗಳೂರಿನ ಹಂಪನಕಟ್ಟೆಗೆ ಆ ಹೆಸರು ಬಂದುದು ದಾರಿಗರ ಬಾಯಾರಿಕೆ ತಣಿಸುತ್ತಿದ್ದ ಅಪ್ಪಣ್ಣನೆಂಬವನಿಂದ ಎಂದು ಊರವರ ಹೇಳಿಕೆ. 2021ರಲ್ಲಿ ಅಲ್ಲಿಯ ರಸ್ತೆಯನ್ನು ಅಗೆಯುವಾಗ ಹಳೆಯ ಬಾವಿಯೊಂದು ಕಾಣಿಸಿಕೊಂಡಿತು. ಆತಿಥ್ಯವು ಈ ನೆಲದ ಹಳೆಯ ಗುಣವೆಂಬುದಕ್ಕೆ ಹೆಸರೂ ಬಾವಿಯೂ ಸಾಕು.

ಆದರೂ ಇಂದಿನ ಪ್ರವಾಸಿಗರು ಬಸ್ಸಿನಿಂದಿಳಿದು ದೇವಾಲಯಕ್ಕೋ ಕಡಲತೀರಕ್ಕೋ ಧಾವಿಸುವವರೇ ಹೆಚ್ಚು. ಕಟ್ಟೆಯ ಸುತ್ತಣ ದುಡಿಮೆಗಾರರಿಗೆ ಅದರಿಂದ ಲಾಭವೇನು? 1680ರಲ್ಲಿ ಸ್ಥಾಪಿತವಾದ ಮಿಲಾಗ್ರಿಸ್ ಇಗರ್ಜಿ, 1868ರಲ್ಲಿ ಆರಂಭವಾದ, ಹಿಂದೆ ಸರಕಾರಿ ಕಾಲೇಜೆನಿಸಿದ್ದ ವಿದ್ಯಾಸಂಸ್ಥೆ, ಇಟಲಿಯ ಮೊಸ್ಕೆನಿಯವರು ಚಿತ್ರಗಳಿಂದ ತುಂಬಿದ ಸಂತ ಅಲೋಶಿಯಸ್ ಪ್ರಾರ್ಥನಾಲಯ, ಇವೆಲ್ಲವೂ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ಇವೆ.

ಇವನ್ನು ತೋರಿಸುವ ಕಾರ್ಯ ಒಬ್ಬರಿಂದಾಗದು. ವಿದ್ಯಾರ್ಥಿಗಳು ದಾರಿ ತೋರಲಿ. ರಿಕ್ಷಾದವರು ನ್ಯಾಯವಾದ ಬಾಡಿಗೆಯನ್ನೇ ಕೇಳಲಿ. ಹೋಟೆಲಿನವರು ನೀರುದೋಸೆಯನ್ನು ಬಡಿಸಿ ಊರಿನ ರುಚಿಯನ್ನು ಹೇಳಲಿ. ಮಹಾನಗರಪಾಲಿಕೆಯು ನೆರಳು, ನೀರು, ಶೌಚಗಳಿಗೆ ಏರ್ಪಾಡು ಮಾಡಲಿ. ಎಲ್ಲರೂ ತಿಂಗಳಿಗೊಮ್ಮೆ ಕೂಡಿ ಕುಳಿತು ದೂರುಗಳನ್ನೂ ಆದಾಯದ ಹಂಚಿಕೆಯನ್ನೂ ಪರ್ಯಾಲೋಚಿಸಲಿ. ಬೀದಿಬದಿಯ ವ್ಯಾಪಾರಿಯನ್ನು ಎಬ್ಬಿಸಿ ಬೀದಿಯನ್ನು ಸಿಂಗರಿಸಿದರೆ ಅದು ಏಳಿಗೆಯಲ್ಲ. ಅತಿಥಿಗಳು ಬಂದರೆಂದು ನಮ್ಮ ಊರು ನಮಗೇ ಬಾಡಿಗೆಯ ಮನೆಯಾಗಬಾರದು. ಬಾವಿಯ ನೀರು ಬಂದವರಿಗೂ ಇದ್ದವರಿಗೂ ಸಮನಾಗಿ ದೊರೆಯಬೇಕು.